ಕೋರ್ಟು ಏಳುವ ತನಕ

ಹರಿಹರ
19-10-1964

ಮಾಲತೇಶನಿಗೆ,

ನಿನ್ನೆ ಸಂಜೆ ನಮ್ಮೂರ ಕೊಟ್ಟೂರಪ್ಪ ಬಂದಿದ್ದ. ಮಂಡಿಪೇಟೆಗೆ ಶೇಂಗಾ ಹಾಕಿ ಹಿಂದಿರುಗುವಾಗ ನನ್ನ ತವರಿಗೆ ಬಂದು ಅವ್ವನನ್ನು ಮಾತಾಡಿಸಿ ಹೋಗುವುದು ಅವನ ರೂಢಿ. ನೀರು ಕುಡಿದು, ಹೊರಡಲು ಎದ್ದು ನಿಂತ ಮೇಲೆ ವಿಷಯ ಹೇಳಿದ. ಬನ್ನಿ ಹಬ್ಬದ ದಿನ ನೀನು ನಿಮ್ಮಣ್ಣನ ಬಂದೂಕು ತೆಗೆದುಕೊಂಡು ಹೋಗಿ ಕೆರೆಹಿಂದಿನ ಹೊಲದಲ್ಲಿ ಹಾರಿಸಿದೆಯಂತೆ. ಪೊಲೀಸರು ಹಿಡಿದು ಠಾಣೆಯಲ್ಲಿ ಕೂರಿಸಿದರಂತೆ. ಇಮಾಮ್ ಸಾಬರು ಜಾಮೀನು ನಿಂತ ಮೇಲೆ ಬಿಟ್ಟರಂತೆ. ಈಗ ಕೇಸಿಗೆಂದು ಮಂಡಿಪೇಟೆಯಲ್ಲಿ ಹೆಂಡತಿಯ ತವರಿನಲ್ಲಿ, ರಂಗವ್ವನ ಅಣ್ಣನ ಮನೆಯಲ್ಲಿ ಇದ್ದೀಯಂತೆ.

ನಿಮ್ಮಣ್ಣ ತೀರಿಹೋಗಿ ಎರಡು ತಿಂಗಳು. ಈ ವರ್ಷ ನಮ್ಮ ಮನೆಗೆ ಹಬ್ಬವಿಲ್ಲ. ಹೋದವರ ಸಾಮಾನು ವರ್ಷದ ಎಡೆ ಇಡುವ ತನಕ ಇಟ್ಟಲ್ಲೇ ಇರಬೇಕು. ಇದನ್ನು ನಾನು ನಿನಗೆ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದನೆಯ ದಿನ ಕಳೆದು ಅವ್ವನನ್ನು ನೋಡಿಕೊಳ್ಳಲು ಇಲ್ಲಿಗೆ ಬರುವಾಗ ನನ್ನ ಕೋಣೆಯ ಕೀಲಿ ನಿನ್ನ ಕೈಗೆ ಕೊಟ್ಟದ್ದು ಸಂಜೆ ಒಂದು ದೀಪ ಹಚ್ಚಲಿ ಎಂದು. ಗೂಟದ ಮೇಲಿನ ಬಂದೂಕು ಇಳಿಸಲಿ ಎಂದಲ್ಲ.

ಊರವರು ಬನ್ನಿಮರದ ಹತ್ತಿರ ಗರ್ನಾಲು ಪಟಾಕಿ ಹೊಡೆಯುತ್ತಿದ್ದಾಗಲೇ ನೀನೂ ಹಾರಿಸಿದೆ ಎಂದು ಕೊಟ್ಟೂರಪ್ಪ ಹೇಳಿದ. ಯಾಕೆ ಹಾರಿಸಿದೆ? ಇಷ್ಟೇ ನಾನು ಕೇಳುವುದು.

ಅವ್ವನಿಗೆ ಕೆಮ್ಮು ಕಡಿಮೆಯಾಗಿಲ್ಲ. ಹೊಳೆ ಇನ್ನೂ ತುಂಬಿದೆ.

ಉಚ್ಚಂಗಮ್ಮ


ಮಂಡಿಪೇಟೆ, ದಾವಣಗೆರೆ
24-10-1964

ತಾಯಿಯ ಜಾಗದಲ್ಲಿರುವ ಅತ್ತಿಗೆಯವರಿಗೆ ಮಾಲತೇಶ ಕೈಮುಗಿದು ಬರೆಯುವುದು.

ನಿಮ್ಮ ಕಾಗದ ಬಂತು. ನಾನು ಆರಾಮಾಗಿದ್ದೇನೆ. ಠಾಣೆಯಲ್ಲಿ ಯಾರೂ ಕೈ ಮಾಡಲಿಲ್ಲ. ಅಲ್ಲಿ ನನಗಿಂತ ಮೊದಲೇ ಒಬ್ಬ ಮೇಕೆ ಕದ್ದವನು ಕೂತಿದ್ದ. "ನೀ ಏನ್ ಕದ್ದೀಯಪಾ?" ಅಂದ. "ಏನೂ ಕದ್ದಿಲ್ಲ, ನಮ್ಮಣ್ಣನ ಬಂದೂಕು" ಅಂದೆ. "ಅಣ್ಣಂದು ಅಂದ್ರೆ ನಿಂದಲ್ಲ ಅಂತಾತಲ್ಲ. ಹಂಗಾದ್ರೆ ನೀನೂ ನಾನೂ ಒಂದೇ, ಈಕಡೆ ಸರಿದು ಕೂಡು" ಅಂದ. ಆಮೇಲೆ ಅವನ ಪಾಲಿನ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟ. ಒಳ್ಳೆಯವನು.

ರಂಗವ್ವನ ಅಣ್ಣ ನನ್ನನ್ನು ಪಿ.ಜೆ. ಬಡಾವಣೆಯ ಜಂಬಯ್ಯ ವಕೀಲರ ಮನೆಗೆ ಕರೆದುಕೊಂಡು ಹೋದ. ಮೇಕೆಯವನು ಹೇಳಿದ್ದನ್ನೇ ಅವರು ಕಾನೂನಿನಲ್ಲಿ ಹೇಳಿದರು. ಲೈಸೆನ್ಸು ಅಣ್ಣನ ಹೆಸರಿನದು, ಅಣ್ಣನ ಜೊತೆಗೇ ಮುಗಿಯಿತು. ಮನೆಯವರು ಬಂದೂಕನ್ನು ತಡ ಮಾಡದೆ ಠಾಣೆಗೆ ಒಪ್ಪಿಸಬೇಕಿತ್ತು. ನಮಗೆ ಇದು ಎಲ್ಲಿ ಹೊಳೆಯಬೇಕು? ಲೈಸೆನ್ಸಿನಲ್ಲಿ "ಬೆಳೆ ರಕ್ಷಣೆಗಾಗಿ" ಎಂದು ಬರೆದು ಕೆರೆಹಿಂದಿನ ಹೊಲದ ಸರ್ವೆ ನಂಬರು ಹಾಕಿದ್ದಾರೆ, ನೀವೂ ನೋಡಿದ್ದೀರಿ. ಅಪ್ಪನಿಂದ ಅಣ್ಣನಿಗೆ ಹೊಲ ಬಂದಾಗ ಬಂದೂಕೂ ಬಂತು. ಹಾಗಾಗಿ ಬಾವಿ, ಬೇವಿನ ಗಿಡ, ಬಂದೂಕು ಎಲ್ಲ ಹೊಲಕ್ಕೆ ಸೇರಿದವು, ಅಣ್ಣನ ಹೆಸರು ಹೋಗಿ ಪೌತಿ ಖಾತೆ ಆದ ಮೇಲೆ ಬಂದೂಕೂ ಖಾತೆಯ ಹಿಂದೆ ಬಂತು ಎಂದೇ ನಾನು ತಿಳಿದಿದ್ದೆ. ಇದನ್ನು ಹೇಳಿದರೆ ಜಂಬಯ್ಯನವರು ಎಲೆಅಡಿಕೆ ಉಗಿದು ಬಂದು ನಕ್ಕರು. "ಅದೇನು ಬೇವಿನ ಗಿಡ ಏನಯ್ಯಾ, ನೆಲಕ್ಕೆ ಅಂಟಿಕೊಂಡು ಬರಾಕೆ?" ಅಂದರು.

ಒಂದು ಮಾತು ಮುಖ್ಯ. ಬಂದೂಕು ನನ್ನ ಪಡಸಾಲೆಯಲ್ಲೇ ಇತ್ತು ಎಂದು ನಾನು ಬರೆಸಿದ್ದೇನೆ. ಠಾಣೆಯಿಂದ ಯಾರಾದರೂ ಬಂದು ಕೇಳಿದರೆ, "ನಾನು ಹರಿಹರದಲ್ಲೇ ಇದ್ದೇನೆ, ಬಂದೂಕಿನ ವಿಷಯ ಏನೂ ಗೊತ್ತಿಲ್ಲ" ಎಂದು ಹೇಳಿ. ಹೆಚ್ಚು ಮಾತು ಬೇಡ. ಕೇಸು ಮುಗಿಯುವ ತನಕ ಊರ ಕಡೆಗೂ ಬರಬೇಡಿ. ಏನೋ ಒಂದು ದಂಡ ಹಾಕಿ ಬಿಡುತ್ತಾರೆ.

ಯಾಕೆ ಹಾರಿಸಿದೆ ಎಂದು ಕೇಳಿದ್ದೀರಿ. ತಪ್ಪಾಯಿತು.

ನಿಮ್ಮ ಮೈದುನ
ಮಾಲತೇಶ


ಹರಿಹರ
3-11-1964

ಮಾಲತೇಶಪ್ಪನವರಿಗೆ,

ನಾನು ಕೇಳಿದ್ದು ಯಾಕೆ ಎಂದು. ತಪ್ಪಾಯಿತು ಎನ್ನುವುದು ಅದಕ್ಕೆ ಉತ್ತರವಲ್ಲ.

ದಂಡ ಹಾಕಿ ಬಿಡುತ್ತಾರೆ ಎಂದು ಬರೆದಿರಿ. ಮೂರು ವರ್ಷದವರೆಗೆ ಜೈಲಿಗೆ ಹಾಕಬಹುದು ಎಂದು ವಕೀಲರೇ ಹೇಳಿದ್ದಾರಂತೆ. ಕೊಟ್ಟೂರಪ್ಪನಿಗೆ ಗೊತ್ತಿರುವಷ್ಟು ನನಗೆ ಗೊತ್ತಾಗಬಾರದೆ? ರಂಗವ್ವ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಮೂರು ವರ್ಷ ಏನು ಮಾಡಬೇಕು ಎಂದು ಒಂದು ಸಾಲು ಬರೆದಿಲ್ಲ.

ಕಳೆದ ವಾರ ಒಬ್ಬ ಪೊಲೀಸಿನವನು ಬಂದಿದ್ದ. ನೀವು ಹೇಳಿದಂತೆಯೇ ಹೇಳಿದೆ. ಏನೂ ಗೊತ್ತಿಲ್ಲ ಎಂದೆ. ಅವನು ಬರೆದುಕೊಂಡು ಹೋದ. ಅವನು ಹೋದ ಮೇಲೆ ಅವ್ವ, "ಹತ್ತೊಂಬತ್ತು ವರ್ಷ ಬಾಳೇವು ಮಾಡಿದ ಮನೀದು ಏನೂ ಗೊತ್ತಿಲ್ಲ ಅಂದ್ಯಲ್ಲೇ" ಅಂದಳು. ನಾನು ಒಳಗೆ ಹೋದೆ.

ಪೌತಿ ಖಾತೆ ಆಯಿತು ಎಂದು ನಿಮ್ಮ ಕಾಗದದಿಂದ ತಿಳಿಯಿತು. ಹನ್ನೊಂದನೆಯ ದಿನ ಶಾನುಭೋಗರು ಒಂದು ಕಾಗದ ತಂದು ಹೆಬ್ಬಾಗಿಲಲ್ಲಿ ಸಹಿ ಕೇಳಿದ್ದರು. ಓದುವ ಸ್ಥಿತಿಯಲ್ಲಿ ನಾನಿರಲಿಲ್ಲ, ಹಾಕಿದ್ದೆ. ಅದು ಇದಕ್ಕೇ ಇರಬೇಕು. ಹೊಲ ನಿಮ್ಮದಾಯಿತು, ಬಂದೂಕೂ ನಿಮ್ಮ ಪಡಸಾಲೆಯದಾಯಿತು. ಊರ ಕಡೆ ಬರಬೇಡ ಎಂದೂ ಹೇಳಿದ್ದೀರಿ. ಬರುವುದಿಲ್ಲ.

ನಾಳೆ ದೀಪಾವಳಿ. ನನ್ನ ಕೋಣೆಯಲ್ಲಿ ದೀಪ ಹಚ್ಚುವವರು ಈಗ ಯಾರೂ ಇಲ್ಲ ಎಂದುಕೊಂಡಿದ್ದೇನೆ.

ಉಚ್ಚಂಗಮ್ಮ


ಮಂಡಿಪೇಟೆ, ದಾವಣಗೆರೆ
11-1-1965

ಅತ್ತಿಗೆಯವರಿಗೆ ಮಾಲತೇಶನ ನಮಸ್ಕಾರ.

ಎರಡು ತಿಂಗಳು ನಾನು ಬರೆಯಲಿಲ್ಲ. ನಿಮ್ಮ ಕಾಗದವನ್ನು ರಂಗವ್ವನಿಗೆ ಓದಿ ಹೇಳಬೇಕಿತ್ತು. ನನ್ನ ಹೆಸರಿನ ಕೊನೆಯಲ್ಲಿ "ನವರಿಗೆ" ನೋಡಿ ಮಡಿಚಿ ಇಟ್ಟೆ. ಊರಿಗೆ ಹೋದಾಗಲೆಲ್ಲ ಅವಳು ಕೇಳುತ್ತಿದ್ದಳು. ಕೊನೆಗೆ ಮೊನ್ನೆ, "ಕಾಗದ ಬರೀದಿದ್ರೆ ನಾನೇ ಬಸ್ ಹತ್ತಿ ಹೋಗಿ ಬಾಯಾಗೆ ಹೇಳಿಬರ್ತೀನಿ, ನಿಮಗೆ ಅದೇ ಬೇಕೇನು?" ಅಂದಳು. ಅವಳ ಬಾಯಿ ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ದೀಪ ತಪ್ಪಿಲ್ಲ. ನಾನಿಲ್ಲದ ದಿನ ಅವಳೇ ಹಚ್ಚಿದ್ದಾಳೆ.

ಕೇಸು ಶುರುವಾಯಿತು. ಹಿಡಿದ ಪೇದೆ ಸಾಕ್ಷಿ ಹೇಳಿದ. ಬಂದೂಕನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ್ದರು, ಕೊರಳಿಗೆ ಒಂದು ಚೀಟಿ ಕಟ್ಟಿ. ಅದನ್ನು ನೋಡಿ ಒಂಥರಾ ಆಯಿತು. ಅದರ ಪಕ್ಕದಲ್ಲಿ ಇನ್ನೊಂದು ಚೀಟಿ, ಅದಕ್ಕೆ ಒಂದು ಬಟ್ಟೆ ಚೂರು. ಹೊಲದಲ್ಲಿ ಬಿದ್ದಿತ್ತಂತೆ, ಹೊಗೆಯಾಡುತ್ತಿತ್ತಂತೆ. ಪೇದೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಬೀಗರು ಕೊಟ್ಟ ಖಣ ತೋರಿಸುವ ಹಾಗೆ ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ತೋರಿಸಿದ. ಅರ್ಧ ಸುಟ್ಟ ಕೆಂಪು ಬಟ್ಟೆ, ಒಂದು ಬದಿಗೆ ಹಳದಿ ಗೋಮಿ ದಡಿಯ ಅಂಚು ಇನ್ನೂ ಕಾಣುತ್ತಿತ್ತು.

ಸರ್ಕಾರಿ ವಕೀಲರಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ಮದ್ದಿನ ಮೇಲೆ ಬಟ್ಟೆ ಗಿಡಿದು ಗಟ್ಟಿ ಮಾಡುತ್ತಾರೆ, ಅಂದರೆ ಈ ಮನುಷ್ಯ ಬೇಕೆಂದೇ ಮದ್ದು ತುಂಬಿ, ಚರೆ ಹಾಕಿ, ಬಟ್ಟೆ ಗಿಡಿದು, ಹಬ್ಬದ ಹುರುಪಿನಲ್ಲಿ ಹಾರಿಸಿದ್ದಾನೆ, ಜನ ಸೇರಿದ ದಿನ ಯಾರ ಜೀವಕ್ಕಾದರೂ ಕುತ್ತಾಗುತ್ತಿತ್ತು, ಇಂಥವನಿಗೆ ಬರೀ ದಂಡ ಸಾಲದು ಎಂದರು. ಜಂಬಯ್ಯನವರು ಹೊರಗೆ ಬಂದು, "ಯಾಕ ತುಂಬಿದ್ಯೋ ಮಾರಾಯಾ, ಬಾಯಿ ಬಿಡು. ನನ್ನ ಹತ್ರಾನೂ ಹೇಳದಿದ್ರೆ ಯಾರ ಹತ್ರ ಹೇಳ್ತೀ?" ಎಂದು ಬೈದರು. ತಪ್ಪಾಯಿತು ಎಂದಷ್ಟೇ ಹೇಳಿದೆ.

ಮುಂದಿನ ತಾರೀಖು ಫೆಬ್ರವರಿಯಲ್ಲಿ. ನೀವು ಚಿಂತೆ ಮಾಡಬೇಡಿ. ಅವ್ವನಿಗೆ ನಮಸ್ಕಾರ ಹೇಳಿ.

ಮಾಲತೇಶ


ಹರಿಹರ
14-1-1965, ಸಂಕ್ರಾಂತಿ

ಮಾಲತೇಶ,

ನಿನ್ನ ಕಾಗದ ಓದಿ ಟ್ರಂಕು ತೆಗೆದೆ. ಇಲ್ಲಿಗೆ ಬರುವಾಗ ಹಳೆಯ ಇಳಕಲ್ಲು ಸೀರೆಯೊಂದನ್ನು ತಂದಿದ್ದೆ. ಕೆಂಪು, ಹಳದಿ ಗೋಮಿ ದಡಿ. ಅದರ ಒಂದು ಮೂಲೆ ಇಲ್ಲ.

ಅವರು ಹೋಗುವ ಹಿಂದಿನ ಸಂಜೆಯದನ್ನು ನಾನು ಯಾರಿಗೂ ಹೇಳಿಲ್ಲ. ದಿನಾ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗಿದೆ ಎಂದು ನಿನಗೆ ಗೊತ್ತು. ಅದರಲ್ಲೂ ಅದನ್ನು ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಅವರು ಜಗಲಿಯ ಮೇಲೆ ಕೂತು ಬಂದೂಕು ತುಂಬುತ್ತಿದ್ದರು. ಶೇಂಗಾ ಹೊಲಕ್ಕೆ ಹಂದಿ ಬೀಳುತ್ತಿದ್ದ ಕಾಲ. ಗಿಡಿಯಲು ಚಿಂದಿ ಸಿಗಲಿಲ್ಲ. ಒಳಗೆ ಬಂದು ಗಳದ ಮೇಲಿದ್ದ ಈ ಸೀರೆಯ ಮೂಲೆ ಹಿಡಿದು ಪರ್ರನೆ ಹರಿದರು. ನಾನು, "ಅದು ಇನ್ನೂ ಉಡೋ ಸೀರೆ, ನಿಮ್ಮ ಕೈಗೆ ಏನ್ ಬಂದೈತೆ?" ಅಂದೆ. ಅವರು, "ನಿನಗೆ ಮಾತ್ರ ಉಡುಗೊರೆನಾ? ಹಂದಿಗೂ ಒಂದು ಬ್ಯಾಡೇನು?" ಅಂದರು. ನನಗೆ ಸಿಟ್ಟು ಬಂದಿತ್ತು. ನಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ಮಳೆಯಲ್ಲಿ ಹಂದಿ ಬರುವುದಿಲ್ಲ ಎಂದು ಬಂದೂಕನ್ನು ಗೂಟಕ್ಕೆ ಹಾಕಿ ಉಂಡು ಮಲಗಿದರು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನೀನು ಗಾಡಿ ಕಟ್ಟುವಷ್ಟರಲ್ಲಿ ಆಗಿಹೋಗಿತ್ತು.

ಹಾಗಾದರೆ ಆ ಬಂದೂಕು ತುಂಬಿದವನು ನೀನಲ್ಲ. ಅವರು. ನಾನು ಅದನ್ನು ತಿಂಗಳುಗಟ್ಟಲೆ ಮರೆತಿದ್ದೆ. ತುಂಬಿದ ಬಂದೂಕು ಗೂಟದ ಮೇಲಿದೆ ಎಂಬುದು ಒಂದು ದಿನವೂ ನನ್ನ ನೆನಪಿಗೆ ಬರಲಿಲ್ಲ. ಅವರ ಕೆರ, ಅವರ ಕಂಬಳಿ, ಅವರ ಎಲೆಚೀಲ ಎಲ್ಲ ನೆನಪಿತ್ತು. ಅದೊಂದು ಇರಲಿಲ್ಲ.

ನೀನು ಹಬ್ಬಕ್ಕೆ ಹಾರಿಸಲಿಲ್ಲ ಅಲ್ಲವೆ? ಈಗಲಾದರೂ ಹೇಳು.

ಅತ್ತಿಗೆ


ಮಂಡಿಪೇಟೆ, ದಾವಣಗೆರೆ
18-1-1965

ಅತ್ತಿಗೆಯವರಿಗೆ,

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ಸಂಜೆ ನಿಮ್ಮ ಕೋಣೆಗೆ ದೀಪ ಹಚ್ಚಲು ಹೋದಾಗ ನಮ್ಮ ಸಣ್ಣವಳು ನನ್ನ ಹಿಂದೆಯೇ ಬಂದಳು. ನಾನು ಬತ್ತಿ ಹೊಸೆಯುವಷ್ಟರಲ್ಲಿ ಕಾಳಿನ ಚೀಲದ ಮೇಲೆ ಹತ್ತಿ ಬಂದೂಕಿನ ಪಟ್ಟಿ ಹಿಡಿದು ಜೋತಾಡುತ್ತಿದ್ದಳು. ಅವಳನ್ನು ಇಳಿಸಿ, ಯಾವುದಕ್ಕೂ ಇರಲಿ ಎಂದು ಬಂದೂಕಿನ ಬಾಯೊಳಗೆ ಸಲಾಕೆ ಬಿಟ್ಟೆ. ಖಾಲಿ ಇದ್ದರೆ ಸಲಾಕೆ ಪೂರ್ತಿ ಒಳಗೆ ಇಳಿಯುತ್ತದೆ. ಒಂದು ಗೇಣಿನಷ್ಟು ಹೊರಗೇ ಉಳಿಯಿತು. ಒಳಗೆ ಮದ್ದಿದೆ ಎಂದು ತಿಳಿದು, ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಕೀಲಿ ಹಾಕಿದೆ.

ಇಮಾಮ್ ಸಾಬರು ಹಳೆಯ ಬಂದೂಕು ರಿಪೇರಿ ಮಾಡಿದವರು, ಅವರ ಹತ್ತಿರ ಹೋಗಿ ಕೇಳಿದೆ. ಅವರು ಮೊದಲು ಲೈಸೆನ್ಸಿನ ವಿಷಯ ಹೇಳಿ ಬೈದರು. "ಖಾತೆ ಹಿಂದೆ ಬಂದೂಕು ಬರಾದಿಲ್ಲಪ್ಪೋ, ಬರಾದು ಪೊಲೀಸು. ನಾಳೇನೇ ಠಾಣೆಗೆ ಒಪ್ಪಿಸು" ಅಂದರು. "ತುಂಬೈತಲ್ಲ ಸಾಬ್ರೇ" ಅಂದೆ. "ಕೇಪಿನ ಬಂದೂಕು ತುಂಬಿದ ಮ್ಯಾಲೆ ಇಳಿಸೋ ದಾರಿ ಒಂದೇ, ಹಾರಿಸಾದು. ಒಡ್ಡಿಗೆ ಹಿಡಿದು ಖಾಲಿ ಮಾಡಿ ಒಯ್ಯಿ. ತುಂಬಿದ್ದು ಒಯ್ದು ಠಾಣ್ಯಾಗೆ ಢಂ ಅಂದ್ರೆ ಇನ್ನೊಂದೇ ಕೇಸಾಗ್ತದೆ" ಅಂದರು.

ಬನ್ನಿ ಹಬ್ಬದ ದಿನ ಗರ್ನಾಲಿನ ಸದ್ದಿನಲ್ಲಿ ಇದೂ ಮುಚ್ಚಿಹೋಗುತ್ತದೆ, ಊರವರು ಸಾವಿನ ಮನೆಯಲ್ಲಿ ಬಂದೂಕು ಹಾರಿತು ಎಂದು ಆಡಿಕೊಳ್ಳುವುದಿಲ್ಲ, ನಿಮ್ಮ ಕಿವಿಗೂ ಬೀಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಹಬ್ಬದ ಬಂದೋಬಸ್ತಿಗೆ ಬಂದ ಪೇದೆಗಳು ನಮ್ಮ ಒಡ್ಡಿನ ಮರೆಯಲ್ಲೇ ಬೀಡಿ ಸೇದುತ್ತಾ ಕೂತಿರುತ್ತಾರೆ ಎಂದು ಲೆಕ್ಕ ಹಾಕಲಿಲ್ಲ. ಠಾಣೆಗೇ ಹೊರಟಿದ್ದೆ ಎಂದು ಹೇಳಿದೆ. "ಎಲ್ಲ ಕಳ್ಳರೂ ಠಾಣೆಗೇ ಹೊರಟಿರ್ತಾರೆ" ಅಂದರು.

ಒಂದು ಹೇಳುತ್ತೇನೆ. ಬಂದೂಕು ಹೆಗಲಿಗೆ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ಒಳಗಿರುವುದು ಅಣ್ಣ ಕೈಯಾರೆ ತುಂಬಿದ್ದು, ಇದೊಂದು ಹೋದರೆ ಅವನು ಮಾಡಿಟ್ಟ ಕೆಲಸ ಇನ್ನೇನೂ ಉಳಿಯುವುದಿಲ್ಲ ಅನ್ನಿಸಿತು. ಹಾರಿದ ಮೇಲೆ ಅವನು ಹೊಡೆದ ಹಾಗೆಯೇ ಭುಜಕ್ಕೆ ಒದೆಯಿತು. ಅವನು ಯಾವಾಗಲೂ ಮದ್ದು ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದ.

ಇದನ್ನು ಕೋರ್ಟಿನಲ್ಲಿ ಹೇಳಿದರೆ, ಅಣ್ಣ ತುಂಬಿಟ್ಟದ್ದು ಅಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾರೆ. ನಿಮ್ಮ ಕೋಣೆಯಲ್ಲಿ. ಹೊಲದ ಖಾತೆ ಯಾರದು ಎಂದು ಕೇಳುತ್ತಾರೆ. ಅದೂ ನಿಮ್ಮದು. ಹನ್ನೊಂದನೆಯ ದಿನ ಶಾನುಭೋಗರು ತಂದ ಕಾಗದ ಅದೇ, ಕೆರೆಹಿಂದಿನ ಹೊಲವನ್ನು ನಿಮ್ಮ ಹೆಸರಿಗೇ ಬರೆಸಿದ್ದೇನೆ. ಅಣ್ಣ ದುಡಿದ ಹೊಲ, ಇನ್ಯಾರ ಹೆಸರಿಗೆ ಬರೆಸಲಿ? ಲೈಸೆನ್ಸಿನಲ್ಲಿ ಇರುವುದೂ ಅದೇ ಸರ್ವೆ ನಂಬರು. ನನ್ನನ್ನು ಬಿಟ್ಟು ನಿಮ್ಮನ್ನು ಕಟಕಟೆಗೆ ಹತ್ತಿಸುತ್ತಾರೆ ಎಂದು ಹೆದರಿ ಪಡಸಾಲೆ ಎಂದು ಬರೆಸಿದೆ. ಊರಿಗೆ ಬರಬೇಡಿ ಎಂದದ್ದೂ ಅದಕ್ಕೇ.

ಈಗಲೂ ಅದನ್ನೇ ಹೇಳುತ್ತೇನೆ. ಬರಬೇಡಿ. ಸೀರೆಯನ್ನು ಟ್ರಂಕಿನಲ್ಲೇ ಇಡಿ.

ಮಾಲತೇಶ


ಹರಿಹರ
22-1-1965

ಮಾಲತೇಶ,

ಬರುತ್ತೇನೆ. ಸೀರೆ ತರುತ್ತೇನೆ. ಜಂಬಯ್ಯನವರಿಗೆ ಎಲ್ಲ ಹೇಳು, ತಾರೀಖು ಗಟ್ಟಿ ಮಾಡಿ ತಿಳಿಸು. ಅವ್ವನನ್ನು ಒಂದು ದಿನದ ಮಟ್ಟಿಗೆ ಪಕ್ಕದ ಮನೆಯ ಮಾಬೂಬೀ ನೋಡಿಕೊಳ್ಳುತ್ತಾಳೆ.

ಪೊಲೀಸಿನವನ ಮುಂದೆ ಏನೂ ಗೊತ್ತಿಲ್ಲ ಎಂದದ್ದನ್ನು ನಾನೇ ಬಂದು ತಿದ್ದಬೇಕು.

ಅತ್ತಿಗೆ


ಮಂಡಿಪೇಟೆ, ದಾವಣಗೆರೆ
14-2-1965

ಅತ್ತಿಗೆಯವರಿಗೆ,

ಮೊನ್ನೆ ನೀವು ಸಾಕ್ಷಿ ಮುಗಿಸಿ ಬಸ್ಸಿಗೆ ಓಡಿದಿರಿ, ಮಾತಾಡಲು ಆಗಲಿಲ್ಲ. ಆಮೇಲೆ ಏನಾಯಿತು ಎಂದು ನಿಮಗೆ ಗೊತ್ತಿಲ್ಲ.

ನೀವು ಕಟಕಟೆ ಹತ್ತಿದಾಗ ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ನಡುಗುತ್ತಿರಲಿಲ್ಲ. ಸರ್ಕಾರಿ ವಕೀಲರು, "ಆ ಕೋಣೆ ಯಾರದಮ್ಮಾ?" ಎಂದಾಗ ನೀವು "ನಂದೇ ರೀ" ಅಂದಿರಿ. ನಾನು ಕಣ್ಣು ಮುಚ್ಚಿದೆ. "ಹಾಗಾದರೆ ಬಂದೂಕು ನಿಮ್ಮ ವಶದಲ್ಲಿತ್ತು" ಎಂದರು. "ಗೂಟದ ವಶದಾಗಿತ್ತು ರೀ. ನಾ ಮುಟ್ಟಿಲ್ಲ. ಸತ್ತೋರ ಸಾಮಾನು ವರ್ಷದ ಎಡೆ ಇಡೋತನಕ ಕದಲಿಸಂಗಿಲ್ಲ ನಮ್ಮಲ್ಲಿ. ಅವರ ಕೆರ ಇನ್ನೂ ಬಾಗಿಲ ಹಿಂದೆ ಅದಾವೆ, ಬೇಕಾದ್ರೆ ಬಂದು ನೋಡ್ರಿ" ಅಂದಿರಿ. "ಪೊಲೀಸರ ಮುಂದೆ ಏನೂ ಗೊತ್ತಿಲ್ಲ ಅಂದಿದ್ದಿರಲ್ಲ?" ಎಂದರು. "ಅವತ್ತು ಸುಳ್ಳು ಹೇಳಿದ್ದೆ ರೀ. ಇವತ್ತು ಅದಕ್ಕೇ ಬಂದೀನಿ" ಅಂದಿರಿ. ಜಂಬಯ್ಯನವರು ಆಗ ತಲೆ ತಗ್ಗಿಸಿ ಏನೋ ಬರೆಯುವ ಹಾಗೆ ನಟಿಸಿದರು. ಅವರ ಪೆನ್ನಿಗೆ ಟೋಪಿ ಹಾಕಿಯೇ ಇತ್ತು.

ನೀವು ಹೋದ ಮೇಲೆ ಸಾಹೇಬರು ಸೀರೆಯನ್ನು ಮೇಜಿನ ಮೇಲೆ ಹರಡಿಸಿ, ಸುಟ್ಟ ಚೂರನ್ನು ತಾವೇ ಎತ್ತಿ ಹರಿದ ಮೂಲೆಗೆ ಹೊಂದಿಸಿದರು. ದಡಿಗೆ ದಡಿ ಕೂಡಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಸರ್ಕಾರಿ ವಕೀಲರ ಕಡೆ ತಿರುಗಿ, "ಹಂದಿಗೆ ಉಡುಗೊರೆ ಅಂದರಲ್ಲವೆ ಆಯಮ್ಮನ ಯಜಮಾನರು?" ಎಂದರು. ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಅಣ್ಣನ ಮಾತಿಗೆ ಇಷ್ಟು ಜನ ನಕ್ಕದ್ದು ನಾನು ನೋಡಿದ್ದು ಅದೇ ಮೊದಲು. ನೀವು ಇರಬೇಕಿತ್ತು.

ಇದಕ್ಕೇ ಬಿಡುಗಡೆ ಎಂದು ತಿಳಿಯಬೇಡ ಎಂದು ಜಂಬಯ್ಯನವರು ಎಚ್ಚರಿಸಿದ್ದಾರೆ. ಹಬ್ಬಕ್ಕೆ ತುಂಬಿ ಹಾರಿಸಿದ್ದು ಎನ್ನುವ ಮಾತು ಬಿತ್ತು. ನಿಮ್ಮ ಮೇಲೆ ಕೇಸು ಬೆಳೆಸುವ ಮಾತನ್ನು ಸರ್ಕಾರಿ ವಕೀಲರು ಬಾಯಿ ತೆರೆಯುವ ಮೊದಲೇ ಸಾಹೇಬರು ತಡೆದರು. ಆದರೆ ಒಪ್ಪಿಸದೆ ಇಟ್ಟುಕೊಂಡದ್ದು ತಪ್ಪೇ, ಸುಳ್ಳು ಬರೆಸಿದ್ದೂ ನನ್ನ ಮೇಲಿದೆ. ಆರು ತಿಂಗಳಾದರೂ ಒಳಗೆ ಹೋಗಲು ಮನಸ್ಸು ಗಟ್ಟಿ ಮಾಡಿಕೋ ಅಂದರು. ತೀರ್ಪು ಮಾರ್ಚಿ ಹನ್ನೆರಡಕ್ಕೆ.

ಆರು ತಿಂಗಳಾದರೆ ಅಣ್ಣನ ವರ್ಷದ ಎಡೆಗೆ ನಾನು ಇರುವುದಿಲ್ಲ. ನನಗೆ ಉಳಿದಿರುವ ಸಂಕಟ ಅದೊಂದೇ.

ಮಾಲತೇಶ


ಹರಿಹರ
12-3-1965

ಕೈದಿ ಮಾಲತೇಶಪ್ಪ, ಜೈಲು, ದಾವಣಗೆರೆ

ಮಾಲತೇಶ,

ಬೆಳಗಿನಿಂದ ಬಾಗಿಲಲ್ಲೇ ಕೂತಿದ್ದೆ. ಅವ್ವನಿಗೆ ಜ್ವರ, ಬಿಟ್ಟು ಬರಲಾಗಲಿಲ್ಲ. ಈಗ ತಾನೇ ಕೊಟ್ಟೂರಪ್ಪ ಬಂದು ಹೇಳಿದ. "ತಪ್ಪು ಹೌದು ಅಂದ್ರು. ಸಜೆ ಅಂದ್ರು. ನನಗೆ ಕೂಡಾಕ ಆಗಲಿಲ್ಲ, ಎದ್ದು ಬಂದೆ" ಅಂದ. ಎಷ್ಟು ಎಂದು ಕೇಳಿದೆ. ಕೇಳಿಸಿಕೊಳ್ಳಲಿಲ್ಲ ಅಂದ. ಅವನನ್ನು ಬೈಯಲೂ ಆಗಲಿಲ್ಲ, ಅವನೇ ಅಳುತ್ತಿದ್ದ.

ಎಷ್ಟಾದರೂ ಇರಲಿ. ನೀನು ಒಳಗೆ ಕೂತು ಊರಿನ ಚಿಂತೆ ಮಾಡಬೇಡ. ಅವ್ವನನ್ನು ಕರೆದುಕೊಂಡು ನಾನು ಊರಿಗೆ ಹೋಗುತ್ತೇನೆ. ಇನ್ನು ಇಲ್ಲಿ ಕೂರುವುದಿಲ್ಲ. ರಂಗವ್ವ, ನಾನು ಸೇರಿ ಮುಂಗಾರಿಗೆ ಹೊಲ ಹರಗಿಸುತ್ತೇವೆ. ಮಕ್ಕಳು ನನ್ನ ಕೋಣೆಯಲ್ಲಿ ಮಲಗಲಿ. ನೀನು ಹೊರಗೆ ಬರುವ ತನಕ ಅವರ ಎಡೆ ಇಡುವುದಿಲ್ಲ. ಕಾಯುತ್ತಾರೆ. ಅವರಿಗೆ ಈಗ ಆತುರವಿಲ್ಲ.

ಹಬ್ಬಕ್ಕೆ ಹಾರಿಸಿದೆ ಎಂದು ನಿನ್ನನ್ನು ತಿಳಿದೆನಲ್ಲ, ಹೊಲ ಹೊಡೆದುಕೊಂಡೆ ಎಂದು ತಿಳಿದೆನಲ್ಲ. ನವರಿಗೆ ಎಂದು ಬರೆದ ಆ ಕಾಗದ ಇದ್ದರೆ ಸುಟ್ಟುಬಿಡು.

ಊಟ ಬಿಡಬೇಡ.

ಅತ್ತಿಗೆ


ಮಂಡಿಪೇಟೆ, ದಾವಣಗೆರೆ
12-3-1965

ಅತ್ತಿಗೆಯವರಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾನು ಮನೆಯಲ್ಲಿದ್ದೇನೆ. ರಂಗವ್ವ ಪಕ್ಕದಲ್ಲೇ ಕೂತು ಏನು ಬರೆಯುತ್ತೇನೆ ಎಂದು ಕೇಳುತ್ತಿದ್ದಾಳೆ.

ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡದ್ದು ತಪ್ಪು ಹೌದು, ಇವನಿಗೆ ಸಜೆ, ಎಂದು ಸಾಹೇಬರು ಓದಿದರು. ಹಿಂದಿನ ಬೆಂಚಿನಿಂದ ಕೊಟ್ಟೂರಪ್ಪ ಎದ್ದು ಹೋದದ್ದು ಆಗಲೇ. ನಿಮಗೆ ಏನು ಹೇಳಿದನೋ ಎಂಬ ಭಯಕ್ಕೇ ಈ ಕಾಗದವನ್ನು ಇವತ್ತೇ ಬರೆಯುತ್ತಿದ್ದೇನೆ. ಅವನು ಇನ್ನೊಂದು ಉಸಿರು ಕೂತಿದ್ದರೆ ಉಳಿದದ್ದೂ ಕೇಳುತ್ತಿತ್ತು. ಕೋರ್ಟು ಏಳುವ ತನಕ ಸಜೆ, ಮೇಲೆ ಸ್ವಲ್ಪ ದಂಡ.

ನನಗೆ ಅರ್ಥವಾಗಲಿಲ್ಲ. ಅಲ್ಲಿನ ಜವಾನನನ್ನು ಮೆಲ್ಲಗೆ ಕೇಳಿದೆ, "ಕೋರ್ಟು ಏಳಾದು ಯಾವಾಗ್ರಿ, ಬ್ಯಾಸಿಗಿ ರಜಕ್ಕಾ?"

"ಸಾಹೇಬ್ರು ಕುರ್ಚಿ ಬಿಟ್ಟು ಏಳೋತನಕ ಕಣಪ್ಪ. ಅಲ್ಲೀತನಕ ಆ ಬೆಂಚಿನ ಮೇಲೆ ಕೂಡು. ಅದೇ ನಿನ್ನ ಜೇಲು" ಅಂದ.

"ನೀರು ಕುಡದು ಬರ್ಲಾ?"

"ಕೈದಿ ನೀನು. ಕೇಳದಂಗೆ ಹೋಗಂಗಿಲ್ಲ" ಎಂದು ಹೇಳಿ, ಆಮೇಲೆ ಅವನೇ ಒಂದು ಲೋಟ ತಂದುಕೊಟ್ಟ.

ಕೂತೆ. ಇಬ್ಬರು ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಬಡಿದಾಡಿದ ಕೇಸು ನಡೆಯಿತು. ತಮ್ಮ ಅಣ್ಣನನ್ನು ಕೈ ತೋರಿಸಿ ಬೈಯುತ್ತಿದ್ದ. ಜೀವಂತ ಇರುವ ಅಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುವುದೂ ಒಂದು ಭಾಗ್ಯವೇ ಎಂದುಕೊಂಡು ಕೇಳಿದೆ. ಹೊತ್ತು ಇಳಿಯಿತು. ಮಿಲ್ಲಿನ ಕೂಗು ಕೇಳಿಸಿತು. ಸಾಹೇಬರು ಕಾಗದ ಮಡಿಚಿ ಎದ್ದರು, ಎಲ್ಲರೂ ಎದ್ದು ನಿಂತರು. ನಾನು ಒಬ್ಬನೇ ಕೂತಿದ್ದೆ, ಕೈದಿ ಏಳಬಹುದೋ ಇಲ್ಲವೋ ಎಂದು. ಜವಾನ ಬಂದು ಭುಜ ಅಲ್ಲಾಡಿಸಿದ. "ಏಳಪ್ಪ, ಕೋರ್ಟೇ ಎದ್ದೈತೆ. ನೀನು ಕುಂತ್ರೆ ನಾ ಬಾಗಿಲು ಹೆಂಗೆ ಹಾಕಲಿ?" ಅಂದ.

ಹೊರಗೆ ರಂಗವ್ವ ಇದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಇಬ್ಬರೂ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಅವಳೂ ಹೇಳಿದಳು, ನಾನೂ ಹೇಳಿದೆ. ಸೈಕಲ್ಲಿನಲ್ಲಿ ಹೊರಟಿದ್ದ ಜಂಬಯ್ಯನವರು ಇಳಿದು, "ನೀ ಹೇಳಿದ ಸುಳ್ಳಿಗೆ ಒಳಗೆ ಹೋಗ್ತಿದ್ದಿ. ನಿಮ್ಮತ್ತಿಗೆ ಹೇಳಿದ ನಿಜಕ್ಕೆ ಮನೀಗ್ ಹೊಂಟೀಯ. ನೆನಪಿರಲಿ" ಅಂದರು.

ಬಂದೂಕು ಸರ್ಕಾರಕ್ಕೆ ಹೋಯಿತು. ಇನ್ನು ಬರುವುದಿಲ್ಲ. ಅಪೀಲಿನ ಅವಧಿ ಕಳೆದ ಮೇಲೆ ಸೀರೆ ಕೊಡುತ್ತಾರೆ. ಚೂರನ್ನು ಸುಟ್ಟುಹಾಕಬೇಕೆಂದು ಬರೆದಿದ್ದಾರೆ. ಅದನ್ನೂ ಕೇಳಲೇ?

ಶ್ರಾವಣದಲ್ಲಿ ಎಡೆಗೆ ನಾನೇ ನೀರು ತರುತ್ತೇನೆ.

ಮಾಲತೇಶ


ಹರಿಹರ
18-3-1965

ಮಾಲತೇಶನಿಗೆ,

ನಿನ್ನ ಕಾಗದ ಸೋಮವಾರ ಬಂತು. ಮೊದಲ ಸಾಲು ಓದಿ ಅವ್ವನಿಗೆ ಕೂಗಿ ಹೇಳಿದೆ. ಉಳಿದದ್ದನ್ನು ಸಂಜೆಯ ತನಕ ಓದಲಿಲ್ಲ, ಅವಸರವಿರಲಿಲ್ಲ. ಕೊಟ್ಟೂರಪ್ಪನಿಗೆ ಹೇಳಿಕಳಿಸಿದರೆ ಓಡಿ ಬಂದ. "ಹಂಗಾದ್ರೆ ನಾ ಸುಳ್ಳು ಹೇಳಿದಂಗಾತಾ?" ಅಂದ. "ಇಲ್ಲ, ನಿಜಾನೇ ಹೇಳಿದ್ದಿ, ಅರ್ಧ ಮಾತ್ರ" ಅಂದೆ. ಅವ್ವ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ಆದರೂ ನಕ್ಕಳು. ಎಷ್ಟೋ ದಿನದ ಮೇಲೆ ಇವತ್ತು ದಿನದ ನಾಲ್ಕು ಸಾಲು ಬರೆದೆ.

ನಿನ್ನೆ ಇನ್ನೊಂದು ಕಾಗದ ಬಂತು, ನನ್ನದೇ. ಹನ್ನೆರಡನೆಯ ತಾರೀಖು ಜೈಲಿನ ವಿಳಾಸಕ್ಕೆ ನಿನಗೆ ಬರೆದಿದ್ದೆ. ಅಂಚೆಯವನು ಏನೋ ತಪ್ಪಾಗಿದೆ ಎನ್ನುವ ಹಾಗೆ ಮುಖ ಮಾಡಿ ಕೊಟ್ಟ. ಅದರ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ, "ಈ ಹೆಸರಿನ ಕೈದಿ ಇಲ್ಲ." ಕೆಳಗೆ ಒಂದು ಸಹಿ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮಾಬೂಬೀಗೂ ಓದಿ ಹೇಳಿದೆ.

ಕಾಗದ ಒಡೆದಿಲ್ಲ. ಒಳಗೆ ಬರೆದದ್ದರಲ್ಲಿ ಒಂದನ್ನು ಮಾತ್ರ ಹಾಗೇ ಉಳಿಸಿಕೊಳ್ಳುತ್ತೇನೆ. ಯುಗಾದಿಯ ಮೊದಲೇ ಅವ್ವನನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ಗಾಡಿ ಬೇಡ, ಬಸ್ಸಿನಲ್ಲೇ ಬರುತ್ತೇವೆ.

ಚೂರನ್ನು ಕೇಳಬೇಡ. ಅದು ಹಂದಿಗೆಂದು ಕೊಟ್ಟದ್ದು, ನಿನ್ನ ಕೆಲಸಕ್ಕೆ ಬಂತು. ಇನ್ನು ಸುಟ್ಟರೂ ಸರಿ. ಸೀರೆ ಬಂದರೆ ರಂಗವ್ವನಿಗೆ ಕೊಡು, ಮೂಲೆ ಮಡಿಚಿ ಹೊಲಿದರೆ ಸಣ್ಣವಳಿಗೆ ಲಂಗವಾಗುತ್ತದೆ.

ಕೋಣೆ ಗುಡಿಸಿಡಲು ಹೇಳು. ಅವರ ಕೆರ ಬಾಗಿಲ ಹಿಂದೆಯೇ ಇರಲಿ. ಬಂದೂಕಿನ ಗೂಟವನ್ನು ಕೀಳಬೇಡ. ನನ್ನ ಚೀಲ ತೂಗುಹಾಕಲು ಬೇಕು.

ಅತ್ತಿಗೆ